ಚಂದ್ರಿಕೆಯ ಮೇಲೆ ಕಂಬದ ನೆರಳು

“ಅಣ್ಣ, ಹುಳ ಹಣ್ಣಾಯ್ತಾ ಅವೆ. ಬಂದು ನಿಮ್ ಲೈಟ್ ಕಿತ್ಕಂಡೋಗ್ಬುಡಿ.”

ಇಷ್ಟು ಹೇಳಿ ಆಕೆ ಫೋನ್ ಇಟ್ಟುಬಿಟ್ಟರು. ನಾನು ಮಾಗಡಿಯ ನನ್ನ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಯಾರದೋ ಮಿಕ್ಸಿಯ ಹೊಟ್ಟೆ ಬಗೆದುಕೊಂಡು ಕೂತಿದ್ದೆ. ಲೈಟು ಹತ್ತುತ್ತಿಲ್ಲ ಎಂದು ಬೈಯುವ ಗಿರಾಕಿಗಳು ನನಗೆ ಹೊಸಬರಲ್ಲ. ಚೆನ್ನಾಗಿ ಹತ್ತುತ್ತಿದೆ, ಅದಕ್ಕೇ ಕಿತ್ತುಕೊಂಡು ಹೋಗಿ ಎಂದವರು ಇವರೊಬ್ಬರೇ. ಮಿಕ್ಸಿಯನ್ನು ಹಾಗೇ ಮುಚ್ಚಿಟ್ಟು, ಟೂಲ್ ಬ್ಯಾಗನ್ನು ಹೆಗಲಿಗೆ ಹಾಕಿಕೊಂಡು ಬೈಕ್ ಹತ್ತಿದೆ.

ಅವರದು ಸಾವನದುರ್ಗದ ಬಂಡೆಯ ಮಗ್ಗುಲಿನ ಒಂದು ಸಣ್ಣ ಹಳ್ಳಿ. ಆಕೆ ರೇಷ್ಮೆ ಹುಳು ಸಾಕುತ್ತಾರೆ, ಆಕೆಯ ಮಾವ ಕುರಿ ಸಾಕುತ್ತಾರೆ. ಗಂಡ ಹಾರೋಹಳ್ಳಿಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದು ವಾರದ ರಜೆಗೆ ಮಾತ್ರ ಬರುತ್ತಾರೆ. ಮನೆಯ ಮುಂದೆ ಅಗಲವಾದ ಅಂಗಳ. ಅಂಗಳದ ಎಡಕ್ಕೆ ಮುಳ್ಳುಬೇಲಿಯ ಕುರಿದೊಡ್ಡಿ. ಎದುರಿಗೆ, ಮನೆಗೆ ಮುಖ ಮಾಡಿಕೊಂಡು ಹುಳು ಮನೆ. ಅದರ ಮುಂದೆ ಕಲ್ಲುಕಂಬಗಳ ಮೇಲೆ ತೆಂಗಿನ ಗರಿ ಹೊದಿಸಿದ ಚಪ್ಪರ. ಇಷ್ಟು ಜಾಗವನ್ನೂ ಒಟ್ಟಿಗೆ ಬೆಳಗುವಂಥ ಲೈಟನ್ನು ಮನೆಯ ಗೋಡೆಗೆ ಎತ್ತರದಲ್ಲಿ ಹಾಕಿಕೊಟ್ಟವನು ನಾನು.

ಹಾಕಿಸಿದವರು ಮಾವ. ಬೆಟ್ಟದ ಕಡೆಯಿಂದ ಬಂದ ಚಿರತೆ ದೊಡ್ಡಿಗೆ ನುಗ್ಗಿ ಕುರಿ ಹೊತ್ತುಕೊಂಡು ಹೋಗಿತ್ತು. “ಚಿರತೆ ಲೈಟ್‌ಗೆ ಹೆದ್ರಲ್ಲ ಸಾಬ್ರೆ, ಅದು ನಂಗೊತ್ತು. ಅದು ಬಂದಾಗ ನಂಗೆ ಕಾಣ್ಬೇಕು, ನಮ್ ನಾಯಿಗೆ ಕಾಣ್ಬೇಕು, ಅಷ್ಟೇಯ. ಹಗಲಿದ್ದಂಗಿರ್ಬೇಕು ನೋಡಿ,” ಎಂದಿದ್ದರು. ನನ್ನ ಬಳಿ ಕಾರ್ಖಾನೆಯೊಂದರ ಗುಜರಿಯಲ್ಲಿ ಸಿಕ್ಕಿದ್ದ ಒಂದು ಗಟ್ಟಿ ಫಿಟ್ಟಿಂಗ್ ಇತ್ತು. ಎರಕದ ಅಲ್ಯೂಮಿನಿಯಂ ಬಟ್ಟಲು, ದಪ್ಪ ಗಾಜಿನ ಮುಚ್ಚಳ, ಅದರ ಮೇಲೆ ಕಂಬಿಯ ಬಲೆ, ಸುತ್ತ ರಬ್ಬರ್ ಬಳೆ. ಎಂಥ ಮಳೆಗೂ ಒಂದು ಹನಿ ಒಳಗೆ ಹೋಗುವುದಿಲ್ಲ. ಅದರೊಳಗೆ ಹನ್ನೆರಡು ವ್ಯಾಟಿನ ಬೆಳ್ಳನೆಯ ಎಲ್‌ಇಡಿ ಬಲ್ಬು ಹಾಕಿದೆ. ಮೂರೇ ವಾರಕ್ಕೆ ಸತ್ತುಹೋಯಿತು. ಎಲ್‌ಇಡಿ ಬಿಸಿಯಾಗುವುದಿಲ್ಲ ಎಂದು ಜನ ತಿಳಿದಿರುತ್ತಾರೆ. ಬೆಳಕು ತಣ್ಣಗಿರುತ್ತದೆ ನಿಜ, ಆದರೆ ಬಲ್ಬಿನ ಕುತ್ತಿಗೆ ಸುಡುತ್ತದೆ, ಗಾಳಿಯಾಡದ ಗಾಜಿನೊಳಗೆ ಆ ಬಿಸಿಗೆ ಹೋಗಲು ದಾರಿಯಿರುವುದಿಲ್ಲ. ಆಮೇಲೆ ಮುಚ್ಚಿದ ಫಿಟ್ಟಿಂಗಿಗೆ ಆಗುತ್ತದೆಂದು ಡಬ್ಬಿಯ ಮೇಲೇ ಬರೆದಿದ್ದ ಒಂಬತ್ತು ವ್ಯಾಟಿನ ಬಲ್ಬು ಹುಡುಕಿ ತಂದೆ. ಸಂಜೆ ಪಂಪ್‌ಸೆಟ್ಟುಗಳು ಶುರುವಾದಾಗ ಆ ಊರಿನ ಕರೆಂಟು ಕುಗ್ಗುತ್ತದೆ. ಕುಗ್ಗಿದರೂ ಮಿಣುಕದಂಥದ್ದು ಅದು. ಅಲ್ಲಿಂದೀಚೆಗೆ ಲೈಟು ಒಂದು ದಿನವೂ ಕೈಕೊಟ್ಟಿರಲಿಲ್ಲ. ಆ ಮನೆಯ ಮುಂದೆ ಬೈಕಿನಲ್ಲಿ ಹೋಗುವಾಗಲೆಲ್ಲ ಅದನ್ನು ನೋಡಿ ಹೆಮ್ಮೆ ಪಡುತ್ತಿದ್ದೆ.

ಬೈಕ್ ನಿಲ್ಲಿಸುವಾಗಲೇ ಆಕೆ ಮೊರದಲ್ಲಿ ಒಂದಷ್ಟು ಗೂಡು ಹಿಡಿದುಕೊಂಡು ಬಂದರು. ಹಿಂದಿನ ಬೆಳೆಯಲ್ಲಿ ಮಾರುಕಟ್ಟೆಯಲ್ಲಿ ಯಾರೂ ಮುಟ್ಟದೆ ಉಳಿದದ್ದು. ನೋಡಿದೊಡನೆ ನನಗೆ ತಿಳಿಯಿತು. ನಾನು ಹುಟ್ಟಿದ್ದು ರಾಮನಗರದಲ್ಲಿ, ರೇಷ್ಮೆ ನೂಲು ತೆಗೆಯುವವರ ಮನೆಯಲ್ಲಿ. ಅಪ್ಪ, ಈಗ ಅಣ್ಣ, ಅದೇ ಕಸುಬು. ಮೊರದಲ್ಲಿದ್ದದ್ದು ದಪ್ಪಗೆ, ಅಡ್ಡಾದಿಡ್ಡಿಯಾಗಿದ್ದ ಜೋಡಿ ಗೂಡುಗಳು. ಎರಡು ಹುಳು ಒಂದೇ ಕಡೆ ಸೇರಿಕೊಂಡು ಒಂದೇ ಗೂಡು ಕಟ್ಟಿದರೆ ಎಳೆಗೆ ಎಳೆ ಹೆಣೆದುಕೊಳ್ಳುತ್ತದೆ, ಬಿಸಿನೀರಿಗೆ ಹಾಕಿದರೂ ಬಿಚ್ಚುವುದಿಲ್ಲ. ನಮ್ಮ ಮನೆಯಲ್ಲಿ ಅವನ್ನು ಆರಿಸಿ ಮೂಲೆಗೆ ಎಸೆಯುತ್ತಿದ್ದರು.

“ಒತ್ತೊತ್ತಾಗಿ ಬಿಟ್ಟಿದ್ರಾ ಅಕ್ಕ? ಜಾಗ ಸಾಲ್ದೆ ಹೋದ್ರೆ ಇಂಗಾಗೋದು,” ಎಂದೆ.

“ಜಾಗಕ್ಕೇನ್ ಬರ ಅಣ್ಣ? ಚಂದ್ರಿಕೆ ಅರ್ಧಕ್ಕರ್ಧ ಖಾಲಿ ಬಿದ್ದಿತ್ತು. ಅಷ್ಟ್ ಜಾಗ ಬುಟ್ಟು ಒಂದ್ರ ಮ್ಯಾಲೊಂದು ಬಿದ್ಕಂಡು ಕಟ್ಟವೆ. ಲೈಟ್ ಹಾಕುದ್ ಮ್ಯಾಕೇ ಇಂಗಾಗಿದ್ದು.”

ಚಂದ್ರಿಕೆ ಎಂದರೆ ಆಳೆತ್ತರದ ಬಿದಿರಿನ ತಟ್ಟಿ. ಅದರ ಮೇಲೆ ತೆಳು ಬಿದಿರ ಪಟ್ಟಿಯನ್ನು ಸುರುಳಿ ಸುರುಳಿಯಾಗಿ ನಿಲ್ಲಿಸಿರುತ್ತಾರೆ. ತಿಂದು ಬೆಳೆದು ಹಣ್ಣಾದ ಹುಳುಗಳನ್ನು ಆರಿಸಿ ಅದರ ಮೇಲೆ ಬಿಟ್ಟರೆ ಸುರುಳಿಯ ಸಂದಿನಲ್ಲಿ ಗೂಡು ಕಟ್ಟಿಕೊಳ್ಳುತ್ತವೆ. ಚಪ್ಪರದ ಕೆಳಗೆ, ಹುಳು ಮನೆಯ ಗೋಡೆಗೆ ಚಂದ್ರಿಕೆಗಳನ್ನು ಸಾಲಾಗಿ ಒರಗಿಸಿದ್ದರು.

ಕುರಿದೊಡ್ಡಿಯ ಪಕ್ಕ ಕೂತಿದ್ದ ಮಾವ ಅಲ್ಲಿಂದಲೇ ಮಾತು ಹಾಕಿದರು. “ಲೈಟ್‌ಗೇನಾಗೈತೆ? ಹುಳ ನಮ್ಗೆ ಆಗ್ಬರಲ್ಲ, ಅಷ್ಟೇಯ. ಈ ಬೆಳೇನೂ ಕೆಟ್ರೆ ಕಡ್ಡಿ ಬೇರ್ ಸಮೇತ ಕಿತ್ತಾಕಿ ರಾಗಿ ಬಿತ್ತಾದೇಯ. ಮಾತಾಗೋಗೈತೆ ಸಾಬ್ರೆ, ನೀವೂ ಕೇಳುಸ್ಕಳಿ.”

ಆಕೆ ಮೊರವನ್ನು ನೆಲಕ್ಕೆ ಕುಕ್ಕಿದರು. ಕಡ್ಡಿ ಎಂದರೆ ಹಿಪ್ಪುನೇರಳೆ. ಮಾವನ ರಾಗಿ ಹೊಲದಲ್ಲಿ ಒಂದು ಭಾಗವನ್ನು ಕಾಡಿಬೇಡಿ ಪಡೆದು, ಒಂದೊಂದು ಕಡ್ಡಿಯನ್ನೂ ತಾವೇ ನೆಟ್ಟು ಬೆಳೆಸಿದ ತೋಟ ಅದು. ಬುಡಕ್ಕೆ ಕತ್ತರಿಸಿದರೆ ಹಿಪ್ಪುನೇರಳೆ ಮತ್ತೆ ಚಿಗುರುತ್ತದೆ. ಬೇರು ಕಿತ್ತರೆ ಮುಗಿಯಿತು. ಆಕೆಗೆ ಆ ಮನೆಯಲ್ಲಿ ತನ್ನದು ಎನ್ನುವಂಥದ್ದು ಅದೊಂದೇ ಎಂದು ನನಗೆ ಆಗಲೇ ಅನ್ನಿಸಿತು.

ಹುಳು ಮನೆಗೆ ಕರೆದುಕೊಂಡು ಹೋಗುವ ಮುಂಚೆ ಕೈಕಾಲು ತೊಳೆಸಿ, “ಬೀಡಿ ಗೀಡಿ ಸೇದ್ತೀರಾ?” ಎಂದು ಕೇಳಿದರು. ಹೊಗೆಸೊಪ್ಪು ಹುಳುವಿಗೆ ವಿಷವಂತೆ. ಮಾವ ಹೊಗೆಸೊಪ್ಪು ಹಾಕುವವರಾದ್ದರಿಂದ ಈ ಬಾಗಿಲನ್ನು ದಾಟಿದವರೇ ಅಲ್ಲ. ನನಗೆ ಆ ಚಟವಿಲ್ಲ, ಒಳಗೆ ಹೋದೆ. ಹೆಂಚಿನ ಮೇಲೆ ಸಣ್ಣ ಮಳೆ ಹಿಡಿದ ಸದ್ದು. ಹೊರಗೆ ಬಿಸಿಲಿತ್ತಲ್ಲ ಎಂದು ಮೇಲೆ ನೋಡಿದೆ. ಆಕೆ ನಕ್ಕು ಕೆಳಗೆ ತೋರಿಸಿದರು. ಸಾವಿರಾರು ಹುಳುಗಳು ಸೊಪ್ಪು ತಿನ್ನುತ್ತಿದ್ದ ಸದ್ದು ಅದು.

ಹುಟ್ಟಿದಾಗಿನಿಂದ ರೇಷ್ಮೆಯ ವಾಸನೆಯಲ್ಲೇ ಬೆಳೆದವನು ನಾನು. ಗೂಡು ಬೇಯುವ ನೀರು, ತಿರುಗುವ ರಾಟೆ, ರಾಶಿಗಟ್ಟಲೆ ಸತ್ತ ಹುಳು, ಎಲ್ಲ ಕಂಡಿದ್ದೇನೆ. ಬದುಕಿರುವ ಹುಳುವನ್ನು ಮಾತ್ರ ಹತ್ತಿರದಿಂದ ನೋಡಿದ್ದು ಅವತ್ತೇ ಮೊದಲು. ನಮ್ಮ ಮನೆಗೆ ಬರುತ್ತಿದ್ದದ್ದು ಬಾಗಿಲು ಮುಚ್ಚಿಕೊಂಡ ಗೂಡು ಮಾತ್ರ. ಆಕೆ ಹಣ್ಣಾದ ಒಂದು ಹುಳುವನ್ನು ನನ್ನ ಅಂಗೈ ಮೇಲೆ ಇಟ್ಟರು. ಸೊಪ್ಪು ಬಿಟ್ಟು ಮೈ ಹಳದಿಯಾಗಿತ್ತು, ಕಿಟಕಿಯತ್ತ ಹಿಡಿದರೆ ಬೆಳಕು ಅದರ ಒಳಗಿಂದ ಹಾದುಹೋಗುತ್ತಿತ್ತು. ಅದು ತಲೆಯೆತ್ತಿ ಅತ್ತಿತ್ತ ಆಡಿಸಿ, ಕಿಟಕಿಯ ಕಡೆಯಿಂದ ನಿಧಾನವಾಗಿ ತಿರುಗಿಕೊಂಡು ನನ್ನ ಅಂಗಿಯ ತೋಳಿನ ಒಳಗೆ ನುಸುಳಲು ನೋಡಿತು. ನೋಡಿದೆ, ಆದರೆ ಅದರ ಅರ್ಥ ಅವತ್ತು ತಲೆಗೆ ಹೋಗಲಿಲ್ಲ.

ಅವತ್ತು ತಲೆಗೆ ಹೋದದ್ದು ಇರುವೆ. ಲೈಟಿನ ಕೆಳಗಿನ ನೆಲದ ಮೇಲೆ ರೆಕ್ಕೆಹುಳುಗಳು ಸತ್ತು ಬಿದ್ದಿದ್ದವು. “ನಿಮ್ ಲೈಟ್‌ಗೆ ಹುಳ ಹುಪ್ಪಟೆ ಎಲ್ಲಾ ಬತ್ತವೆ. ಅದನ್ ತಿನ್ನಾಕೆ ಇರುವೆ ಬತ್ತವೆ, ಹಲ್ಲಿ ಬತ್ತದೆ. ಆಮ್ಯಾಕೆ ಚಂದ್ರಿಕೆ ಹತ್ತವೆ,” ಎಂದರು ಆಕೆ. ನನಗೆ ಲೆಕ್ಕ ಸರಿಹೋಯಿತು. ಬೆಳ್ಳನೆಯ ಬಲ್ಬಿನಲ್ಲಿ ನೀಲಿ ಅಂಶ ಹೆಚ್ಚು, ಕೀಟಗಳಿಗೆ ಅದೇ ಬೇಕು. ಇರುವೆ ಕಾಟಕ್ಕೆ ಹೆದರಿ ಹುಳುಗಳು ಒಂದು ಕಡೆ ಗುಂಪು ಸೇರುತ್ತವೆ ಎಂದು ನಾನೇ ತೀರ್ಮಾನ ಮಾಡಿಬಿಟ್ಟೆ. ಬ್ಯಾಗಿನಲ್ಲಿ ಅಷ್ಟೇ ವ್ಯಾಟಿನ, ತುಸು ಹಳದಿ ಕಲೆತ ಬಲ್ಬಿತ್ತು. ಏಣಿ ಹತ್ತಿ ಬದಲಾಯಿಸಿದೆ. ಕತ್ತಲಾಗುವ ಹೊತ್ತಿಗೆ ಹಾಕಿ ನೋಡಿದರೆ ಕೀಟ ನಿಜವಾಗಿಯೂ ಕಡಿಮೆಯಾಗಿತ್ತು. ಮಾವ ಮಾತ್ರ, “ಒಸಿ ಮಂಕಾಯ್ತು,” ಎಂದು ಗೊಣಗಿದರು. ಮೊದಲು ಹಣ್ಣಾದ ಹುಳುಗಳನ್ನು ಆಕೆ ಒಂದೆರಡು ಚಂದ್ರಿಕೆಗೆ ಬಿಟ್ಟರು. ಉಳಿದವೆಲ್ಲ ಮಾರನೆಯ ದಿನ ಹಣ್ಣಾಗುವುದಿತ್ತು. ನಾನು ಗೆದ್ದೆ ಎಂದುಕೊಂಡು ಮನೆಗೆ ಹೋದೆ.

ಬೆಳಗಿನ ನಮಾಜ್ ಮುಗಿಸಿ ನೇರವಾಗಿ ಅಲ್ಲಿಗೇ ಹೋದೆ. ಇನ್ನೂ ಮಬ್ಬುಗತ್ತಲೆ. ಆಗಷ್ಟೇ ಯಾರೋ ಲೈಟ್ ಆರಿಸಿದ್ದರು. ಆಕೆ ಚಪ್ಪರದ ಕೆಳಗೆ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದರು, ನನ್ನನ್ನು ಕಂಡು ಪಕ್ಕಕ್ಕೆ ಸರಿದರು.

ಚಂದ್ರಿಕೆಯ ನಡುವೆ ಒಂದು ಬಿಳಿ ಪಟ್ಟಿ. ಮೇಲಿನಿಂದ ಕೆಳಕ್ಕೆ, ಒಂದು ಗೇಣಿನಷ್ಟು ಅಗಲ, ಸ್ವಲ್ಪ ವಾಲಿದ್ದದ್ದು. ಇನ್ನೂ ತೆಳ್ಳಗಿದ್ದ ಗೂಡುಗಳು ಆ ಪಟ್ಟಿಯೊಳಗೆ ಒಂದರ ಪಕ್ಕ ಒಂದು, ಒಂದರ ಮೇಲೊಂದು ಕಿಕ್ಕಿರಿದಿದ್ದವು. ಪಟ್ಟಿಯ ಎರಡೂ ಕಡೆ ಸುರುಳಿಗಳು ಖಾಲಿ. ಪಕ್ಕದ ಚಂದ್ರಿಕೆಯಲ್ಲಿ ಪಟ್ಟಿ ಒಂದು ಅಂಚಿಗಿತ್ತು. ಇರುವೆ ಒಂದೂ ಇರಲಿಲ್ಲ. ನಾನು ಹಿಂದೆ ಹಿಂದೆ ನಡೆದು ಅಂಗಳದ ನಡುವೆ ನಿಂತು ನೋಡಿದೆ. ಆಮೇಲೆ ಏನು ಹೊಳೆಯಿತೋ, ಓಡಿಹೋಗಿ ಲೈಟಿನ ಸ್ವಿಚ್ ಒತ್ತಿದೆ.

ಚಪ್ಪರದ ಕಲ್ಲುಕಂಬದ ನೆರಳು ನೇರವಾಗಿ ಆ ಬಿಳಿ ಪಟ್ಟಿಯ ಮೇಲೆ ಬಂದು ಕೂತಿತು. ಅಂಚಿಗೆ ಅಂಚು. ಕಂಬದ ತುದಿಯಲ್ಲಿ ಕಲ್ಲು ಚಕ್ಕೆ ಎದ್ದ ಕಡೆ ನೆರಳು ಒಳಸರಿದಿತ್ತು, ಗೂಡುಗಳೂ ಅಲ್ಲೇ ಒಳಸರಿದಿದ್ದವು. ಬೆಳಕು ಬೇಡವಾದ ಹುಳುಗಳು ಆ ಇಡೀ ಅಂಗಳದಲ್ಲಿ ತಮಗೆ ಸಿಕ್ಕಿದ ಒಂದೇ ಒಂದು ಕತ್ತಲ ಪಟ್ಟಿಯನ್ನು ಹುಡುಕಿಕೊಂಡು ಹೋಗಿ, ಜಾಗ ಸಾಲದೆ ಒಂದನ್ನೊಂದು ಅಪ್ಪಿಕೊಂಡು ಅಲ್ಲೇ ಕಟ್ಟಿದ್ದವು. ಕಂಬದ ನೆರಳನ್ನು ರೇಷ್ಮೆಯಲ್ಲಿ ಬರೆದಿಟ್ಟಿದ್ದವು. ಇಷ್ಟು ವರ್ಷ ನಾನು ಹಾಕಿದ ಲೈಟುಗಳ ಬೆಳಕನ್ನು ನೋಡಿದ್ದೇನೆ, ನೆರಳು ಎಲ್ಲಿ ಬೀಳುತ್ತದೆಂದು ಒಮ್ಮೆಯೂ ನೋಡಿರಲಿಲ್ಲ.

“ತಾತ, ಒಸಿ ಬಂದ್ ನೋಡಿ,” ಎಂದು ಕರೆದೆ.

“ಬಾಯ್ ಮುಕ್ಕಳಿಸ್ಕಂಡ್ ಬನ್ನಿ ಮಾವ,” ಎಂದರು ಆಕೆ.

ಅವರು ಬಾಯಿ ತೊಳೆದು, ಕೈ ತೊಳೆದು, ಟವೆಲ್ಲಿನಲ್ಲಿ ಒರೆಸಿಕೊಂಡು ಚಪ್ಪರದ ಅಂಚಿಗೆ ಬಂದು ನಿಂತರು. ನಾನು ಲೈಟನ್ನು ಆರಿಸಿ ಹಾಕಿ, ಆರಿಸಿ ಹಾಕಿ ತೋರಿಸಿದೆ. ಅವರು ಕಂಬವನ್ನು ನೋಡಿದರು, ಚಂದ್ರಿಕೆಯನ್ನು ನೋಡಿದರು, ತಮ್ಮ ಕೈಯನ್ನು ಬೆಳಕಿಗೆ ಅಡ್ಡ ಹಿಡಿದು ಅದರ ನೆರಳನ್ನೂ ನೋಡಿದರು. “ಅಲಾ, ಕಣ್ಣೈತಾ ಇವಕ್ಕೆ?” ಎಂದರು. ಆದರೆ ಲೈಟ್ ಆರಿಸುವ ಮಾತಿಗೆ ಒಪ್ಪಲಿಲ್ಲ. ಹಿಂದಿನ ಸಂಜೆ ಕೆರೆ ಏರಿಯ ಕೆಳಗೆ ಚಿರತೆಯ ಹೆಜ್ಜೆ ಕಂಡಿದ್ದರಂತೆ. “ಹುಳುಕ್ಕೂ ಜೀವ, ಕುರಿಗೂ ಜೀವ. ಯಾವ್ದು ಬುಡಾದು ನೀವೇ ಹೇಳಿ,” ಎಂದು ನನ್ನನ್ನೇ ಕೇಳಿದರು.

ಆಕೆ ನನ್ನ ಮುಖ ನೋಡಿದರು. ಸಂಜೆಯೊಳಗೆ ಉಳಿದ ಹುಳುಗಳೆಲ್ಲ ಹಣ್ಣಾಗಿ ಚಂದ್ರಿಕೆ ಹತ್ತಬೇಕಿತ್ತು. ಒಂದು ಹಗಲು ನಮ್ಮ ಕೈಯಲ್ಲಿತ್ತು. ಅಷ್ಟರೊಳಗೆ ದಾರಿ ಸಿಗದಿದ್ದರೆ ಬೆಳೆಯೂ ಹೋಯಿತು, ತೋಟವೂ ಹೋಯಿತು.

ಚಪ್ಪರಕ್ಕೆ ತಾಡಪಾಲು ಕಟ್ಟೋಣ ಎಂದೆ. ಆಗುವುದಿಲ್ಲ ಎಂದರು. ಗೂಡು ಕಟ್ಟುವ ಮುನ್ನ ಹುಳು ಮೈಯಲ್ಲಿರುವ ನೀರನ್ನೆಲ್ಲ ಹೊರಗೆ ಬಿಡುತ್ತದೆ. ಗಾಳಿಯಾಡದಿದ್ದರೆ ಆ ತೇವಕ್ಕೆ ಗೂಡು ಕೆಡುತ್ತದೆ. ಚಂದ್ರಿಕೆಯನ್ನು ಮನೆಯೊಳಗೆ ಇಡದೆ ಚಪ್ಪರದಲ್ಲಿ ಇಡುವುದೇ ಅದಕ್ಕೆ. ಯಾರಾದರೂ ಹತ್ತಿರ ಬಂದಾಗ ಮಾತ್ರ ತಾನೇ ಹತ್ತಿಕೊಳ್ಳುವ ಸೆನ್ಸರ್ ಲೈಟು ಹಾಕೋಣ ಎಂದೆ. ಮಾವ ದೊಡ್ಡಿಯ ಕಡೆ ಕೈ ತೋರಿಸಿದರು. ಕುರಿಗಳು ಒಂದು ಗಳಿಗೆ ಸುಮ್ಮನಿರಲಿಲ್ಲ, ನಾಯಿಯಂತೂ ಬೇಲಿ ಸುತ್ತುತ್ತಲೇ ಇತ್ತು. ಅದು ಹತ್ತಿ ಆರಿ, ಹತ್ತಿ ಆರಿ ಹುಳುಗಳನ್ನು ಇನ್ನಷ್ಟು ಕೆಡಿಸುತ್ತಿತ್ತು.

ಅಂಗಡಿಗೆ ಹೋಗಿ ಕೈಗೆ ಸಿಕ್ಕಿದ ಬಲ್ಬುಗಳನ್ನೆಲ್ಲ ತುಂಬಿಕೊಂಡು ಬಂದೆ. ಅದರಲ್ಲಿ ಸಾವನದುರ್ಗದ ದಾರಿಯ ಹೋಟೆಲಿನವರು ಊಟ ಮಾಡುವವರ ಮುಖ ಚೆನ್ನಾಗಿ ಕಾಣುವುದಿಲ್ಲ ಎಂದು ವಾಪಸ್ ಕೊಟ್ಟಿದ್ದ ಪೂರಾ ಹಳದಿ ಬಲ್ಬುಗಳೂ ಇದ್ದವು. ಬೆಂಕಿಯ ಕೆಂಡಕ್ಕೆ ಹತ್ತಿರದ ಬಣ್ಣ, ಮೂರೇ ವ್ಯಾಟು, ಬಿಳಿ ಅಂಶ ಲವಲೇಶವಿಲ್ಲ.

ಹುಳು ಮನೆಯ ಕಿಟಕಿಗಳಿಗೆ ಗೋಣಿತಾಟು ಕಟ್ಟಿ ಕತ್ತಲೆ ಮಾಡಿದೆವು. ಒಂದು ಚಂದ್ರಿಕೆಯ ಬಲಮಗ್ಗುಲಿಗೆ ವೈರಿನಲ್ಲಿ ಅಂಗಡಿಯ ಟೆಸ್ಟಿಂಗ್ ಹೋಲ್ಡರ್ ತೂಗುಹಾಕಿದೆ, ಎಂಥ ಬಲ್ಬಾದರೂ ಕೂರುವಂಥದ್ದು. ಆಕೆ ಹಣ್ಣಾದ ಹುಳುಗಳನ್ನು ಆರಿಸಿ ಚಂದ್ರಿಕೆಯ ನಡುವೆ ಸಾಲಾಗಿ ಬಿಟ್ಟರು. ಮೊದಲು ಬೆಳ್ಳನೆಯ ಬಲ್ಬು. ತಲೆಗಳು ಮೇಲೆದ್ದವು. ಒಂದು ಗಳಿಗೆ ಎಲ್ಲವೂ ಗಾಳಿಯಲ್ಲಿ ತಡಕಾಡಿದವು, ಆಮೇಲೆ ಒಂದೊಂದಾಗಿ ಎಡಕ್ಕೆ ಹೊರಟವು. ಹೋಲ್ಡರನ್ನು ಎಡಮಗ್ಗುಲಿಗೆ ತಂದೆ. ನಿಂತವು, ಯೋಚಿಸಿದವು ಎಂದೇ ನನಗೆ ಅನ್ನಿಸಿತು, ಮತ್ತೆ ಬಲಕ್ಕೆ ತಿರುಗಿದವು. ಹಿಂದಿನ ಸಂಜೆ ನಾನು ಹಾಕಿದ್ದಂಥ ಬಲ್ಬಿಗೂ ಹೀಗೇ, ಹೊರಡುವುದು ಸ್ವಲ್ಪ ತಡ ಅಷ್ಟೆ. ಕೊನೆಗೆ ಹಳದಿ ಬಲ್ಬು ಹಾಕಿದೆ. ನೋಡುತ್ತ ಕೂತೆವು. ಒಂದೆರಡು ತಲೆಯೆತ್ತಿದವು. ಉಳಿದವು ತಮ್ಮ ಪಾಡಿಗೆ ತಾವು ಹತ್ತಿರದ ಸುರುಳಿಯ ಸಂದು ಹುಡುಕಿಕೊಂಡವು.

“ಇದು ಅವಕ್ಕೆ ಕಾಣಾದೇ ಇಲ್ವೇನೋ ಅಣ್ಣ,” ಎಂದರು ಆಕೆ ಪಿಸುಮಾತಿನಲ್ಲಿ. ಕಾಣುತ್ತದೋ ಇಲ್ಲವೋ ನನಗೂ ಗೊತ್ತಿರಲಿಲ್ಲ. ಎದುರಿಗೆ ಕೂತಿರುವ ಜೀವಕ್ಕೆ ನನ್ನ ಬೆಳಕು ಬೆಳಕೇ ಅಲ್ಲದಿರಬಹುದು ಎನ್ನುವ ಮಾತು ನನ್ನನ್ನು ಕಲಕಿಬಿಟ್ಟಿತು. ಬಲ್ಬು ಕೊಡುವಾಗ ವ್ಯಾಟು ಕೇಳಿದ್ದೇನೆ, ಪಿನ್ನೋ ತಿರುಪೋ ಕೇಳಿದ್ದೇನೆ. ಯಾರ ಕಣ್ಣಿಗೆ ಎಂದು ಕೇಳಿದವನೇ ಅಲ್ಲ.

ಆದರೆ ಮೂರು ವ್ಯಾಟಿನ ಹಳದಿ ಬಲ್ಬನ್ನು ಮನೆಯ ಗೋಡೆಯ ಮೇಲೆ ಹಾಕಿದರೆ ದೊಡ್ಡಿಯವರೆಗೆ ಬೆಳಕು ಮುಟ್ಟುವುದಿಲ್ಲ. ಅಲ್ಲಿಗೆ ಮುಟ್ಟುವಷ್ಟು ದೊಡ್ಡದು ಹಾಕಿದರೆ ಮತ್ತೆ ಚಪ್ಪರಕ್ಕೆ ನೆರಳು ಬೀಳುತ್ತದೆ. ಅಂಗಳದಲ್ಲಿ ಸುಮ್ಮನೆ ಎರಡು ಸುತ್ತು ಹಾಕಿದೆ. ಎಲ್ಲವನ್ನೂ ಒಂದೇ ಲೈಟಿನಿಂದ ಬೆಳಗಬೇಕು ಎಂದು ಹೊರಟದ್ದೇ ತಪ್ಪು ದಾರಿ ಎಂದು ಆಗ ತಿಳಿಯಿತು. ಬೇಕಾಗಿದ್ದದ್ದು ದೊಡ್ಡಿಗೆ. ಲೈಟೂ ದೊಡ್ಡಿಯ ಹತ್ತಿರವೇ ಹೋಗಬೇಕು, ಚಪ್ಪರಕ್ಕೆ ಬೆನ್ನು ಮಾಡಿಕೊಂಡು ಕೆಳಮುಖವಾಗಿ ನಿಲ್ಲಬೇಕು. ಗೋಡೆಯ ಲೈಟನ್ನು ಬಿಚ್ಚಿಬಿಡುವುದೆಂದು ನಿರ್ಧಾರ ಮಾಡಿದೆ.

“ಬಿಚ್ಚಿ, ಆಮ್ಯಾಕೆ ನಂಗೆ ಕಾಣ್ಲಿಲ್ಲ ಅಂದ್ರೆ ಇದ್ದಂಗೇ ಹಾಕ್ಕೊಡ್ಬೇಕು,” ಎಂದರು ಮಾವ. ಒಪ್ಪಿಕೊಂಡೆ.

ಬಿಚ್ಚಿ ಕೆಳಗಿಳಿಸಿದ ಮೇಲೆ ನೋಡುತ್ತೇನೆ, ಫಿಟ್ಟಿಂಗಿನಲ್ಲಿರುವುದು ಪಿನ್ನಿನ ಹೋಲ್ಡರ್, ಹಳದಿ ಬಲ್ಬುಗಳೆಲ್ಲ ತಿರುಪಿನವು. ಅಂಗಡಿ ಇಟ್ಟುಕೊಂಡವನಿಗೆ ಇಷ್ಟು ನೋಡಿಕೊಂಡು ಬರಲು ಆಗಲಿಲ್ಲ ಎಂದು ನನಗೇ ನಗು ಬಂತು. ಅಡಾಪ್ಟರ್ ಹಾಕಿದರೆ ಬಲ್ಬು ಕೂತಿತು, ಆದರೆ ಉದ್ದವಾಗಿ ಗಾಜಿನ ಮುಚ್ಚಳ ಮುಚ್ಚಲಿಲ್ಲ. ಮತ್ತೆ ಮಾಗಡಿಗೆ ಹೋಗಿ ಬರುವಷ್ಟು ಹೊತ್ತು ಉಳಿದಿರಲಿಲ್ಲ. ಗಾಜೇ ಬೇಡವೆಂದು ತೆಗೆದಿಟ್ಟೆ. ಆಕೆ ಒಂದು ಖಾಲಿ ಎಣ್ಣೆ ಡಬ್ಬ ತಂದುಕೊಟ್ಟರು. ಅದನ್ನು ಉದ್ದಕ್ಕೆ ಸೀಳಿ, ಮಳೆಯೂ ಬೀಳದಂತೆ, ಚಪ್ಪರದ ಕಡೆ ಬೆಳಕೂ ಹೋಗದಂತೆ ಮುಂದಕ್ಕೆ ಬಾಗಿದ ಟೋಪಿ ಮಾಡಿದೆ. ಅಡಾಪ್ಟರಿನ ಕುತ್ತಿಗೆಗೆ ಸೈ‌ಕಲ್ ಟ್ಯೂಬಿನ ತುಂಡು ಸುತ್ತಿದೆ. ವೈರು ದೊಡ್ಡಿಯ ಕಂಬಕ್ಕೆ ಬರುವ ಕಡೆ ನೀರು ತೊಟ್ಟಿಕ್ಕಿ ಹೋಗಲೆಂದು ಕೆಳಗೊಂದು ಬಳುಕು ಬಿಟ್ಟೆ. ಹಾಗೆ ತೆರೆದಿದ್ದರಿಂದ ಬಲ್ಬಿಗೆ ಗಾಳಿಯೂ ಸಿಕ್ಕಿತು, ಬಿಸಿಯ ಚಿಂತೆಯೂ ಹೋಯಿತು. ದೊಡ್ಡಿಯ ಮೂಲೆಯ ಕಲ್ಲುಕಂಬಕ್ಕೆ ಅದನ್ನೂ, ದೊಡ್ಡಿಯ ಬಾಗಿಲ ಕಡೆ ಟೆಸ್ಟಿಂಗ್ ಹೋಲ್ಡರಿಗೆ ಡಬ್ಬದ ಉಳಿದರ್ಧ ಮುಚ್ಚಿ ಇನ್ನೊಂದನ್ನೂ ಹಾಕಿ ಮುಗಿಸುವಾಗ ಹೊತ್ತು ಮುಳುಗಿತ್ತು. ಆಕೆ ಅಷ್ಟರಲ್ಲಿ ಚಂದ್ರಿಕೆಗಳನ್ನೆಲ್ಲ ತುಂಬಿಸಿ ಚಪ್ಪರದಲ್ಲಿ ಒರಗಿಸಿಬಿಟ್ಟಿದ್ದರು. ಇನ್ನು ಹಿಂದೆ ಹೋಗುವಂತಿರಲಿಲ್ಲ.

ಲೈಟ್ ಹಾಕಿದೆ. ಮಾವ ನೋಡಿ ಮುಖ ಸಿಂಡರಿಸಿದರು. “ಇದೇನ್ ಸಾಬ್ರೆ, ದೀಪ ಹಚ್ಚಿಟ್ಟಂಗೈತೆ.”

“ಕಣ್ಣು ಹೊಂದಿಕೊಳ್ಲಿ ತಾತ. ನಿಮ್ ಕಂಬ್ಳಿ ಕೊಡಿ,” ಎಂದೆ. ಅವರ ಕರಿ ಕಂಬಳಿ ಹೊದ್ದುಕೊಂಡು ಬೇಲಿಯಾಚೆ ಹೋದೆ. ಹಿಂದೆ ಲೈಟು ಹಾಕಿಕೊಟ್ಟ ಸಂಜೆ ಕೂಡ ತಮಾಷೆಗೆ ಹೀಗೇ ಮಾಡಿದ್ದೆ. ಅವತ್ತು ಬೇಲಿಯಾಚೆ ನಿಂತವನನ್ನು ಅವರು ಕಂಡಿರಲಿಲ್ಲ, ನಾಯಿಯೇ ಬೊಗಳಿ ಹಿಡಿದುಕೊಟ್ಟಿತ್ತು. ಆ ಬೆಳಕು ಅವರ ಕಣ್ಣಿಗೇ ಹೊಡೆಯುತ್ತಿತ್ತು ಎಂದು ನನಗೆ ಆಗ ಹೊಳೆದಿರಲಿಲ್ಲ. ಈಗ ಬಗ್ಗಿಕೊಂಡು, ಲಂಟಾನ ಪೊದೆಯ ಹಿಂದಿನಿಂದ ಸದ್ದಿಲ್ಲದೆ ಹೆಜ್ಜೆಯಿಟ್ಟೆ. ಪೊದೆ ದಾಟುವ ಮೊದಲೇ ಮಾವನ ದನಿ ಕೇಳಿಸಿತು.

“ಅಲ್ಲೇ ನಿಂತ್ಕಳಿ ಸಾಬ್ರೆ, ಮುಂದ್ಗಡೆ ಮುಳ್ಳೈತೆ.”

ಇನ್ನೊಂದು ಕಡೆಯಿಂದ ಬಂದೆ, ಆಗಲೂ ಹಿಡಿದರು. ನಾಯಿ ಅವರ ಕಾಲ ಬಳಿ ಮಲಗಿಕೊಂಡು ನನ್ನನ್ನೇ ನೋಡುತ್ತಿತ್ತು. ಅವರು ಲೈಟಿನತ್ತ ಒಮ್ಮೆ, ಬೇಲಿಯತ್ತ ಒಮ್ಮೆ ನೋಡಿ, ಕಂಬಳಿ ಇಸಿದುಕೊಂಡು ಹೆಗಲಿಗೆ ಹಾಕಿಕೊಂಡರು. “ಇರ್ಲಿ ಬುಡಿ, ಇದೇ ಇರ್ಲಿ,” ಎಂದರು.

ಚಪ್ಪರದ ಕೆಳಗೆ ಮುಸ್ಸಂಜೆಯಷ್ಟು ಮಸುಕು. ಆಕೆ ಕರೆದರು, ಹೋಗಿ ಅವರ ಪಕ್ಕ ನೆಲದ ಮೇಲೆ ಕೂತೆ. ಹುಳುಗಳು ಚಂದ್ರಿಕೆಯ ತುಂಬ ಹರಡಿಕೊಂಡಿದ್ದವು. ನನ್ನ ಕಣ್ಣೆದುರಿಗೇ ಒಂದು ಹುಳು ಸುರುಳಿಯ ಸಂದಿನಲ್ಲಿ ಕೂತು ತಲೆಯನ್ನು ಬಿದಿರಿಗೆ ತಾಗಿಸಿತು, ಹಿಂದಕ್ಕೆ ಎಳೆಯಿತು. ನಡುವೆ ಏನೋ ಒಂದು ಮಿಂಚಿತು. ಮತ್ತೆ ಇನ್ನೊಂದು ಕಡೆ ತಾಗಿಸಿತು, ಎಳೆಯಿತು. ತೂಗಿದಂತೆ, ನಿಲ್ಲದೆ, ಅವಸರವಿಲ್ಲದೆ. ಮೊದಲು ನಾಲ್ಕಾರು ಎಳೆ, ಆಮೇಲೆ ಜಾಲರಿ, ಆಮೇಲೆ ಅದರೊಳಗೆ ಹುಳು ತಾನೇ ಒಂದು ಮಬ್ಬು ಆಕಾರ. ಅಂಥವು ಸಾವಿರಾರು, ಒಂದೇ ಲಯದಲ್ಲಿ, ಒಂದಿಷ್ಟೂ ಸದ್ದಿಲ್ಲದೆ. ನಮ್ಮ ಮನೆಯಲ್ಲಿ ಆ ಎಳೆ ಗೂಡಿನಿಂದ ಹೊರಗೆ ಬರುವುದನ್ನು ಮಾತ್ರ ನೋಡಿದ್ದೆ. ಅದು ಒಳಗೆ ಹೋಗುವುದನ್ನು ಕಂಡದ್ದು ಅವತ್ತೇ. ಅಲ್ಲಾಹುವಿನ ಹೆಸರು ತಾನಾಗಿ ಬಾಯಿಗೆ ಬಂತು. ಆಕೆ ಕೈಮುಗಿದುಕೊಂಡಿದ್ದರು.

ಬೆಳಿಗ್ಗೆ ಹೋಗಿ ನೋಡುವ ಧೈರ್ಯ ನನಗೆ ಬರಲಿಲ್ಲ. ಆಕೆಯೇ ಫೋನ್ ಮಾಡಿದರು. “ಪಟ್ಟಿ ಇಲ್ಲ ಅಣ್ಣ. ಎಲ್ಲಾ ಕಡೇನೂ ಐತೆ,” ಎಂದರು. ಗೂಡು ಬಲಿತು ಬಿಡಿಸುವ ದಿನ ಅಕ್ಕಪಕ್ಕದ ಹೆಂಗಸರೊಂದಿಗೆ ನಾನೂ ಕೂತು ಬಿಡಿಸಿದೆ. ಜೋಡಿ ಗೂಡು ಅಲ್ಲೊಂದು ಇಲ್ಲೊಂದು ಇತ್ತು, ಅಷ್ಟು ಯಾವಾಗಲೂ ಇರುತ್ತದಂತೆ. ರಾಮನಗರದ ಮಾರುಕಟ್ಟೆಯಲ್ಲಿ ಆ ಗೂಡು ಒಳ್ಳೆಯ ಬೆಲೆಗೆ ಹೋಯಿತು. ಒಂದು ಹಿಡಿ ಗೂಡನ್ನು ಕೇಳಿ ತೆಗೆದುಕೊಂಡು ಅಣ್ಣನ ಬಳಿ ಹೋದೆ. ಅವನು ಬಿಸಿನೀರಿಗೆ ಹಾಕಿ, ತುದಿ ಹಿಡಿದು ರಾಟೆಗೆ ಕೊಟ್ಟ. ಎಳೆ ಎದ್ದಿತು, ನೀರಿನಲ್ಲಿ ಗೂಡು ಕುಣಿಯಿತು, ತೆಳ್ಳಗಾಗುತ್ತ ಹೋಯಿತು. ಎಲ್ಲೂ ತುಂಡಾಗಲಿಲ್ಲ. “ಚೆನ್ನಾಗಿ ಬಿಚ್ತಾ ಇದೆ, ಯಾರ ಗೂಡು?” ಎಂದು ಅಣ್ಣ ನಮ್ಮ ಮನೆಯ ಉರ್ದುವಿನಲ್ಲಿ ಕೇಳಿದ. ಕೊನೆಗೆ ಒಳಗಿನ ಹುಳು ಕಾಣುವ ಹೊತ್ತಿಗೆ ನಾನು ಹೊರಗೆ ಬಂದು ನಿಂತುಬಿಟ್ಟೆ. ಮೊದಲೆಲ್ಲ ಹಾಗೆ ಆಗುತ್ತಿರಲಿಲ್ಲ.

ಕೆಲವು ದಿನ ಬಿಟ್ಟು, ಒಂದು ಮಳೆ ಬಂದುಹೋದ ಮೇಲೆ, ಡಬ್ಬದ ಟೋಪಿಯೊಳಗೆ ನೀರಿಳಿದಿದೆಯೇ ನೋಡಲು ಹೋದೆ. ನೀರಿಳಿದಿರಲಿಲ್ಲ. ಮನೆಯ ಮುಂದೆ ಯಾರೂ ಇರಲಿಲ್ಲ, ಹಿಪ್ಪುನೇರಳೆ ತೋಟದಿಂದ ಕಡಿಯುವ ಸದ್ದು ಬರುತ್ತಿತ್ತು. ಬೆಳೆ ಚೆನ್ನಾಗಿ ಬಂದರೂ ಮುದುಕ ಮಾತು ಬಿಡಲಿಲ್ಲವೇ ಎಂದು ಬದುವಿನ ಮೇಲೆ ಹೆಚ್ಚುಕಡಿಮೆ ಓಡಿಕೊಂಡೇ ಹೋದೆ.

ಮಾವ ಸಾಲಿನ ನಡುವೆ ಬಗ್ಗಿಕೊಂಡು ಕುಡುಗೋಲಿನಿಂದ ಕಡ್ಡಿಗಳನ್ನು ಬುಡದಿಂದ ಒಂದು ಗೇಣು ಬಿಟ್ಟು ಸವರುತ್ತಿದ್ದರು. ಒಂದೊಂದು ಬುಡವನ್ನೂ ಸವರಿ, ಕಾಲಿನಿಂದ ಮಣ್ಣು ಸರಿಮಾಡಿ ಮುಂದಕ್ಕೆ ಹೋಗುತ್ತಿದ್ದರು. ನನ್ನನ್ನು ಕಂಡು ಬೆನ್ನು ನೆಟ್ಟಗೆ ಮಾಡಿ, ಮನೆಯ ಕಡೆ ಒಮ್ಮೆ ತಿರುಗಿ ನೋಡಿ ದನಿ ತಗ್ಗಿಸಿದರು.

“ಇಂಗ್ ಕುಯ್ದ್ ಮ್ಯಾಕೆ ಸೊಪ್ಪು ಬರಾಕೆ ಎಸ್ಟ್ ದಿನ ಬೇಕು ಅಂತವ ಒಸಿ ನಿಮ್ಮಕ್ಕನ್ನ ಕೇಳ್ಕಂಡ್ ಬನ್ನಿ ಸಾಬ್ರೆ. ನಾನ್ ಕೇಳುದ್ರೆ ಅವ್ಳು ಬೀಗ್ತಾಳೆ.”